ಬ್ಲಾಕ್‌ಪಲ್ಲಿಯಿಂದ ಶಿವಾಜಿನಗರಕ್ಕೆ: ತೇರು ಸಾಗುವ ಬೀದಿಗಳ ಕಥೆ



ಸೆಪ್ಟೆಂಬರ್ ಬಂತೆಂದರೆ ನಮ್ಮ ಮನೆಗಳಲ್ಲಿ ಮಾತೆ ಮರಿಯಮ್ಮನವರ ಜನನೋತ್ಸವದ ಸಡಗರ. ಕರಾವಳಿಯ ಧರ್ಮಕೇಂದ್ರಗಳಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮಂದಿಯೆಲ್ಲ ಕೂಡಿ ಉಣ್ಣುವ ತೆನೆಹಬ್ಬ. ಬೆಂಗಳೂರಿನ ಕಡೆ ಶಿವಾಜಿನಗರದ ತೇರು. ಆಗಸ್ಟ್ 29ರಂದು ಧ್ವಜ ಏರಿದ ಮೇಲೆ ಒಂಬತ್ತು ದಿನ ಕಾವಿ ಬಟ್ಟೆ ತೊಟ್ಟ ಭಕ್ತಾದಿಗಳು ಬರಿಗಾಲಿನಲ್ಲಿ ನಡೆದು ಬರುತ್ತಾರೆ. ಕ್ರೈಸ್ತರಷ್ಟೇ ಅಲ್ಲ, ಹಿಂದೂಗಳು, ಮುಸಲ್ಮಾನರು ಎಲ್ಲರೂ ಬರುತ್ತಾರೆ. ನಾವೂ ಗುರುಮಠದ ವಿದ್ಯಾರ್ಥಿಯಾಗಿದ್ದಾಗ ಗೆಳೆಯರೊಂದಿಗೆ ಹಾಗೆ ನಡೆದವರೇ. ಆಗ ನಮ್ಮ ಕಣ್ಣೆಲ್ಲ ದೂರದಲ್ಲಿ ಕಾಣುವ ಗೋಪುರದ ಮೇಲೆ. ಕಾಲಡಿಯ ಬೀದಿಯ ಬಗ್ಗೆ ಒಂದು ದಿನವೂ ವಿಚಾರಿಸಿದವರಲ್ಲ.

ಈ ಹಬ್ಬದ ಬಲಿಪೂಜೆಯಲ್ಲಿ ಓದುವ ಶುಭಸಂದೇಶ ನಿಮಗೆ ಗೊತ್ತು. ಮತ್ತಾಯನು ಬರೆದ ಯೇಸುಕ್ರಿಸ್ತರ ವಂಶಾವಳಿ. ಉದ್ದುದ್ದ ಹೆಸರುಗಳ ಪಟ್ಟಿ. ಓದುವ ಗುರುಗಳ ನಾಲಿಗೆ ತೊಡರುತ್ತದೆ, ಕೇಳುವ ಮಕ್ಕಳು ಆಕಳಿಸುತ್ತಾರೆ. ಆದರೆ ಆ ಪಟ್ಟಿಯಲ್ಲಿ ಅರಸರ ನಡುವೆ ತಾಮಾರಳಿದ್ದಾಳೆ, ರಹಾಬಳಿದ್ದಾಳೆ, ಹೊಟ್ಟೆಪಾಡಿಗೆ ಪರಊರಿಗೆ ಬಂದು ಹೊಲದಲ್ಲಿ ತೆನೆ ಆಯ್ದ ಮೋವಾಬಿನ ರೂತಳಿದ್ದಾಳೆ. ಯಾರೂ ಲೆಕ್ಕಕ್ಕೆ ಹಿಡಿಯದವರನ್ನೂ ದೇವರು ಲೆಕ್ಕಕ್ಕೆ ಹಿಡಿದಿದ್ದಾರೆ. ಒಂದು ಊರಿಗೂ ಇಂಥದೇ ವಂಶಾವಳಿ ಇರುತ್ತದೆ. ಈ ವರ್ಷ ತೇರು ಸಾಗುವ ಬೀದಿಗಳ ವಂಶಾವಳಿಯನ್ನು ನಿಮ್ಮೊಂದಿಗೆ ಓದೋಣವೆಂದು ನಮ್ಮ ಆಸೆ. ಆ ಪ್ರದೇಶ ಒಂದಲ್ಲ, ಹಲವು ಬಾರಿ ಕೆಡವಿ ಕಟ್ಟಿಸಿಕೊಂಡಿದೆ. ಪ್ರತಿ ಸಾರಿಯೂ ಯಾರು ಪಟ್ಟಿಯಲ್ಲಿ ಸೇರಿದರು, ಯಾರು ಬಿಟ್ಟುಹೋದರು ಎಂಬುದನ್ನು ನೋಡೋಣ.

ದಂಡು ಬಂತು, ದಂಡಿನ ಹಿಂದೆ ಜನ ಬಂದರು

ಕೆಂಪೇಗೌಡರು 1537ರಲ್ಲಿ ಕಟ್ಟಿದ ಬೆಂಗಳೂರೆಂದರೆ ಪೇಟೆ: ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ. ಶಿವಾಜಿನಗರ ಆ ಪೇಟೆಯೊಳಗಿನದಲ್ಲ. 1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಮೇಲೆ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಲ್ಲಿ ತಳವೂರಿತು. ಅಲ್ಲಿ ಮಲೇರಿಯಾ ಜ್ವರದ ಕಾಟ. ಸಿಪಾಯಿಗಳು ಸಾಯತೊಡಗಿದಾಗ, 1809ರಲ್ಲಿ ಹಲಸೂರು ಕೆರೆಯ ಆಸುಪಾಸಿನ ಬಯಲಿಗೆ ದಂಡನ್ನು ಸ್ಥಳಾಂತರಿಸಿದರು. ಇಂದಿಗೂ ಹಳಬರ ಬಾಯಲ್ಲಿ ಆ ಕಡೆಗೆ 'ದಂಡು' ಎಂದೇ ಹೆಸರು.

ಸೈನ್ಯವೊಂದೇ ಬರುವುದಿಲ್ಲ. ಕುದುರೆಗೆ ಹುಲ್ಲು ಹಾಕುವವರು ಬೇಕು, ಅಡಿಗೆಯವರು ಬೇಕು, ಬಟ್ಟೆ ಒಗೆಯುವವರು, ಚರ್ಮದ ಕೆಲಸದವರು, ಗಾರೆ ಕೆಲಸದವರು, ಧಾನ್ಯದ ವ್ಯಾಪಾರಿಗಳು ಬೇಕು. ಇವರಲ್ಲಿ ಬಹುಪಾಲು ಜನ ಮದರಾಸು ಪ್ರಾಂತ್ಯದಿಂದ ಬಂದ ತಮಿಳರು, ತೆಲುಗರು. ದಖನಿ ಉರ್ದು ಮಾತನಾಡುವ ಮುಸಲ್ಮಾನರು, ಸುತ್ತಲ ಹಳ್ಳಿಗಳ ಕನ್ನಡಿಗರು ಅವರ ಜೊತೆಗೂಡಿದರು. ಅಧಿಕಾರಿಗಳಿಗೆ ಮರಗಳ ನೆರಳಿನ ವಿಶಾಲ ಬಂಗಲೆಗಳನ್ನು ನಕ್ಷೆ ಹಾಕಿ ಕಟ್ಟಿದರು. ಈ ಜನರಿಗೆ ಯಾರೂ ನಕ್ಷೆ ಹಾಕಲಿಲ್ಲ. ದಂಡಿನ ಅಂಚಿನಲ್ಲಿ, ಮನೆಗೆ ಮನೆ ಒತ್ತಿಕೊಂಡು ಅವರ ಬಸ್ತಿ ಬೆಳೆಯಿತು. ಅದೇ ಬ್ಲಾಕ್‌ಪಲ್ಲಿ. ಬಿಳಿ ಅಕ್ಕಿ ಬೆಳೆಯುತ್ತಿದ್ದ ಹಳ್ಳಿಯಾದ್ದರಿಂದ ಆ ಹೆಸರು ಬಂತೆಂದು ಕೆಲವರು, ಬಿಳಿ ಹಕ್ಕಿಗಳ ಹಳ್ಳಿಯೆಂದು ಇನ್ನು ಕೆಲವರು ಹೇಳುತ್ತಾರೆ.

ಅಲ್ಲಿನ ಬೀದಿಗಳ ಹೆಸರುಗಳನ್ನು ನಿಧಾನವಾಗಿ ಓದಿ ನೋಡಿ. ವೀರಪಿಳ್ಳೆ ಬೀದಿ, ನಾರಾಯಣ ಪಿಳ್ಳೆ ಬೀದಿ, ಇಬ್ರಾಹಿಂ ಸಾಹೇಬ್ ಬೀದಿ, ಧರ್ಮರಾಜ ಕೋಯಿಲ್ ಬೀದಿ, ಮೀನಾಕ್ಷಿ ಕೋಯಿಲ್ ಬೀದಿ, ಜುಮ್ಮಾ ಮಸೀದಿ ರಸ್ತೆ, ಚಾಂದನಿ ಚೌಕ. ಇವುಗಳ ನಡುವೆ ಓಲ್ಡ್ ಪೂರ್ ಹೌಸ್ ರಸ್ತೆ, ಅಂದರೆ ಬಡವರ ಆಶ್ರಯಗೃಹವಿದ್ದ ರಸ್ತೆ. ದೇವಸ್ಥಾನ, ಮಸೀದಿ, ಚರ್ಚು, ವ್ಯಾಪಾರಿಯ ಹೆಸರು, ಬಡವರ ಮನೆ: ಎಲ್ಲವೂ ಕೂಗಳತೆಯ ದೂರದಲ್ಲಿ. ಇದೇ ಆ ಊರಿನ ವಂಶಾವಳಿ.

1864ರಲ್ಲಿ ಜೋಲಾರಪೇಟೆಯಿಂದ ದಂಡು ನಿಲ್ದಾಣಕ್ಕೆ ರೈಲು ಬಂದ ಮೇಲೆ ಜನ ಇನ್ನಷ್ಟು ಹೆಚ್ಚಿದರು. 1868ರಲ್ಲಿ ಬೌರಿಂಗ್ ಆಸ್ಪತ್ರೆ ಆರಂಭವಾಯಿತು. ಬಡತನದಿಂದ ಮೇಲೆ ಬಂದ ವ್ಯಾಪಾರಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಬಡಮಕ್ಕಳಿಗಾಗಿ ಶಾಲೆ ತೆರೆದರು. ಮುಂದೆ ಹಾಜಿ ಸರ್ ಇಸ್ಮಾಯಿಲ್ ಸೇಟರ ದಾನದಿಂದ ಹೆಂಗಸರಿಗಾಗಿ ಗೋಶಾ ಆಸ್ಪತ್ರೆ ಎದ್ದಿತು. ಸರಕಾರ ಮರೆತ ಕಡೆ ಊರಿನವರೇ ಊರನ್ನು ನೋಡಿಕೊಂಡರು. 1891ರ ಜನಗಣತಿಯ ವೇಳೆಗೆ ದಂಡಿನ ಪ್ರದೇಶದಲ್ಲಿ ಸುಮಾರು 1 ಲಕ್ಷ ಜನ, ಪೇಟೆಯಲ್ಲಿ ಸುಮಾರು 80 ಸಾವಿರ. ಅತಿಥಿಯಾಗಿ ಬಂದ ದಂಡು ಮನೆಯ ಯಜಮಾನನಿಗಿಂತ ದೊಡ್ಡದಾಗಿತ್ತು.

ಬರಗಾಲದ ನಡುವೆ ಎದ್ದ ಗೋಪುರ

ಬ್ಲಾಕ್‌ಪಲ್ಲಿಯ ಕ್ರೈಸ್ತರಿಗೆ ಮೊದಲಿಗಿದ್ದುದು ಹುಲ್ಲು ಹೊದಿಸಿದ ಒಂದು ಪುಟ್ಟ ಗುಡಿ. ಕಾಣಿಕೆ ಮಾತೆಯ ಮಂದಿರವೆಂದು ಅದರ ಹೆಸರು. 19ನೇ ಶತಮಾನದ ಆರಂಭದಲ್ಲಿ ಫ್ರೆಂಚ್ ಮಿಷನರಿ ಅಬ್ಬೆ ದುಬುವಾ ಅವರು ಅಲ್ಲಿ ಪೂಜೆ ಅರ್ಪಿಸಿ, ಪ್ರಾರ್ಥನಾ ಮಂದಿರವನ್ನು ಬೆಳೆಸಿದರು. ಮೈಸೂರು ಸೀಮೆಯಲ್ಲಿ ಸಿಡುಬಿಗೆ ಲಸಿಕೆ ಹಾಕಿಸಲು ಹಳ್ಳಿ ಹಳ್ಳಿ ತಿರುಗಿದವರು ಇವರೇ.

ಈಗ ನಾವು ಕಾಣುವ ಗಾಥಿಕ್ ಶೈಲಿಯ ದೇವಾಲಯವನ್ನು ಕಟ್ಟಲು ಹೊರಟವರು ಸ್ವಾಮಿ ಕ್ಲೈನರ್. 1875ರಲ್ಲಿ ಕೆಲಸ ಆರಂಭವಾಯಿತು. 1882ರ ಸೆಪ್ಟೆಂಬರ್ 8ರಂದು ಧರ್ಮಾಧ್ಯಕ್ಷ ಕೊವಾದು ಅವರು ಅದನ್ನು ಪವಿತ್ರೀಕರಿಸಿದರು. 160 ಅಡಿಯ ಗೋಪುರ, ಬಣ್ಣದ ಗಾಜಿನ ಕಿಟಕಿಗಳು. 1974ರಲ್ಲಿ ಅದು ಬಸಿಲಿಕಾ ಎಂದು ಘೋಷಿತವಾಯಿತು. ಇಷ್ಟನ್ನು ನಾವು ಹಬ್ಬದ ಪುಸ್ತಿಕೆಗಳಲ್ಲಿ ಓದಿರುತ್ತೇವೆ.

ಆದರೆ ಆ ಎರಡು ಇಸವಿಗಳ ನಡುವೆ ಏನು ನಡೆಯಿತೆಂದು ಸ್ವಲ್ಪ ನೆನೆಯಿರಿ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಧಾತು–ಈಶ್ವರ ಸಂವತ್ಸರಗಳ ಮಹಾಬರ ಹಿಂಡಿತು. 1871ರಲ್ಲಿ 50 ಲಕ್ಷ ದಾಟಿದ್ದ ಸೀಮೆಯ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಳ್ಳಿಗಳು ಖಾಲಿಯಾಗಿ ಜನ ಬೆಂಗಳೂರಿನ ಗಂಜಿ ಕೇಂದ್ರಗಳ ಕಡೆ ನಡೆದರು. ದಾರಿಯಲ್ಲೇ ಬಿದ್ದವರು ಎಷ್ಟೋ ಮಂದಿ. ಆ ವರ್ಷಗಳಲ್ಲೇ ಬ್ಲಾಕ್‌ಪಲ್ಲಿಯಲ್ಲಿ ಕಲ್ಲಿನ ಮೇಲೆ ಕಲ್ಲು ಏರುತ್ತಿತ್ತು. ಧರ್ಮಾಧ್ಯಕ್ಷರ ಹೆಸರು ನಮಗೆ ಗೊತ್ತು, ಗುರುಗಳ ಹೆಸರು ಗೊತ್ತು. ಸುಣ್ಣ ಅರೆದ, ತಲೆಯ ಮೇಲೆ ಕಲ್ಲು ಹೊತ್ತ ಹೆಣ್ಣಾಳು ಗಂಡಾಳುಗಳ ಹೆಸರನ್ನು ನಾವು ಯಾವ ಹಬ್ಬದಲ್ಲೂ ಕೇಳಿಲ್ಲ. ಹಬ್ಬದ ದಿನ ಆ ಗೋಪುರವನ್ನು ನೋಡುವಾಗ ಅವರನ್ನೂ ನೆನೆದು ಒಂದು ನಮೋ ಮರಿಯ ಹೇಳಿದರೆ ತಪ್ಪಲ್ಲ.

ಪ್ಲೇಗು ಮಾಡಿಸಿದ ಬಡಾವಣೆಗಳು

1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನ ಮೂಲಕ ಪ್ಲೇಗು ಬೆಂಗಳೂರಿಗೆ ಬಂತು. ಗಾಳಿ ಬೆಳಕಿಲ್ಲದ ಓಣಿಗಳಲ್ಲಿ ಅದು ಬೆಂಕಿಯಂತೆ ಹಬ್ಬಿತು. ಮನೆ ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡ ಸಂಸಾರಗಳ ಕಥೆಯನ್ನು ನಿಮ್ಮಲ್ಲಿ ಹಲವರು ಅಜ್ಜ ಅಜ್ಜಿಯರಿಂದ ಕೇಳಿರಬಹುದು. ಆಗ ಎದ್ದ ಪ್ಲೇಗ್ ಮಾರಮ್ಮನ ಗುಡಿಗಳು ಇಂದಿಗೂ ಬೆಂಗಳೂರಿನಲ್ಲಿ ಅಲ್ಲಲ್ಲಿ ಇವೆ.

ಇಕ್ಕಟ್ಟಾದ ಊರು ರೋಗದ ಗೂಡು ಎಂದು ಆಡಳಿತದವರಿಗೆ ಆಗ ಅರಿವಾಯಿತು. ಅನಾರೋಗ್ಯಕರವೆಂದು ಕಂಡ ಮನೆಗಳನ್ನು ಕೆಡವಿದರು, ಚರಂಡಿಗಳನ್ನು ತೆಗೆದರು. ಪೇಟೆಯ ಜನರಿಗೆ ಬಸವನಗುಡಿ, ಮಲ್ಲೇಶ್ವರಗಳು ಆಸರೆಯಾದವು. ದಂಡಿನ ಜನರಿಗಾಗಿ ಫ್ರೇಜರ್ ಟೌನ್ ಎದ್ದಿತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಜರರ ಹೆಸರನ್ನು ಅದಕ್ಕಿಟ್ಟರು. ಆ ಹೊತ್ತಿಗೆ ಪ್ಲೇಗು ಹಬ್ಬುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದರು. ಹಾಗಾಗಿ ಇಲಿ ಬಿಲ ತೋಡಲಾಗದ ನೆಲ, ಗಾಳಿ ಬೆಳಕು ಆಡುವ ಕೋಣೆ, ಮನೆಮನೆಗೂ ನಡುವೆ ಅಂತರ, ಇಂಥ 'ಪ್ಲೇಗು ಸೋಕದ ಮನೆ'ಗಳ ಮಾದರಿ ಸಿದ್ಧವಾಯಿತು. ಮುಂದೆ ಕಾಕ್ಸ್ ಟೌನ್, ರಿಚರ್ಡ್ಸ್ ಟೌನ್, ಬೆನ್ಸನ್ ಟೌನ್‌ಗಳು ಬಂದವು.

ಒಳ್ಳೆಯ ಕೆಲಸವೇ. ಅದರಿಂದ ಎಷ್ಟೋ ಜೀವ ಉಳಿದಿದ್ದೀತು. ಆದರೆ ಹೊಸ ಬಡಾವಣೆಗೆ ಹೋಗಬಲ್ಲವರು ಯಾರು? ನಿವೇಶನದ ಹಣ ಕಟ್ಟಬಲ್ಲವರು. ತಿಂಗಳ ಸಂಬಳವಿದ್ದ ಗುಮಾಸ್ತರು, ವ್ಯಾಪಾರಿಗಳು ಹೋದರು. ದಿನಗೂಲಿಯವರು ಹಳೆಯ ಓಣಿಯಲ್ಲೇ ಉಳಿದರು. ಹೊಸ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕಿರಿದಾದ ಓಣಿಗಳನ್ನು ಬಿಟ್ಟಿದ್ದರು. ಮಲ ಹೊರುವವರು ಮುಂಬಾಗಿಲಿನ ಕಡೆ ಕಾಣಿಸದೆ ಬಂದು ಹೋಗಲೆಂದು ಮಾಡಿದ ದಾರಿ ಅದು. ನಕ್ಷೆಯಲ್ಲಿ ಅವರ ದುಡಿಮೆಗೆ ಜಾಗವಿತ್ತು, ಅವರ ವಾಸಕ್ಕೆ ಇರಲಿಲ್ಲ.

ಮಾರುಕಟ್ಟೆ ಮತ್ತು ಬೆಂಕಿ

1927ರಲ್ಲಿ ಚರ್ಚಿನ ಸಮೀಪದಲ್ಲೇ ಕಮಾನು, ಗೋಪುರಗಳ ಚೆಂದದ ಕೆಂಪು ಕಟ್ಟಡವೊಂದು ಎದ್ದಿತು. ಅಂದಿನ ಪುರಸಭೆಯ ಕಮಿಷನರ್ ರಸೆಲ್ ಅವರ ಹೆಸರಿನ ಮಾರುಕಟ್ಟೆ. ತರಕಾರಿ, ಹಣ್ಣು, ಹೂವು, ಮೀನು, ಮಾಂಸ ಎಲ್ಲಕ್ಕೂ ಒಂದೇ ಸೂರು. ಬಿಸಿಲಲ್ಲಿ ಕೂತು ಮಾರುತ್ತಿದ್ದವರಿಗೆ ನೆರಳು ಸಿಕ್ಕಿತು. ಇಲ್ಲಿ ಮರುನಿರ್ಮಾಣವೆಂದರೆ ಇದ್ದವರನ್ನು ಎಬ್ಬಿಸುವುದಲ್ಲ, ಕೂರಿಸುವುದು ಎಂದಾಯಿತು. ತಾತ ಕೂತ ಮಣೆಯ ಮೇಲೆ ಮೊಮ್ಮಗ ಕೂತು ವ್ಯಾಪಾರ ಮಾಡುವುದನ್ನು ಅಲ್ಲಿ ನಾವು ಕಂಡಿದ್ದೇವೆ.

1947ರಲ್ಲಿ ದಂಡು ಪ್ರದೇಶ ಬ್ರಿಟಿಷರಿಂದ ಮೈಸೂರು ಸರಕಾರಕ್ಕೆ ಮರಳಿತು. 1949ರಲ್ಲಿ ಪೇಟೆ ಮತ್ತು ದಂಡಿನ ಎರಡು ಪುರಸಭೆಗಳು ಸೇರಿ ಒಂದೇ ನಗರಪಾಲಿಕೆಯಾಯಿತು. ಬ್ಲಾಕ್‌ಪಲ್ಲಿ ಎಂಬ ಹೆಸರು ಹಿಂದೆ ಸರಿದು ಶಿವಾಜಿನಗರವೆಂಬ ಹೆಸರು ನಿಂತಿತು. ಶಹಾಜಿಯವರು 1638ರಿಂದ ಬೆಂಗಳೂರನ್ನು ಜಹಗೀರಾಗಿ ಪಡೆದಿದ್ದರು, ಅವರ ಮಗ ಶಿವಾಜಿ ಬಾಲ್ಯದ ಕೆಲವು ದಿನಗಳನ್ನು ಈ ಊರಿನಲ್ಲಿ ಕಳೆದಿದ್ದರು.

2012ರ ಫೆಬ್ರವರಿಯಲ್ಲಿ ರಸೆಲ್ ಮಾರುಕಟ್ಟೆಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟುಹೋದವು. ಕಟ್ಟಡವನ್ನೇ ಕೆಡವಿ ಬಹುಮಹಡಿ ಸಂಕೀರ್ಣ ಕಟ್ಟಬೇಕೆಂಬ ಮಾತು ಮತ್ತೆ ಎದ್ದಿತು. ವ್ಯಾಪಾರಿಗಳು ಒಪ್ಪಲಿಲ್ಲ. ಅವರ ಭಯ ಸುಲಭವಾಗಿ ಅರ್ಥವಾಗುವಂಥದು. ಕಟ್ಟುವಷ್ಟು ವರ್ಷ ಎಲ್ಲಿಗೆ ಹೋಗುವುದು? ಕಟ್ಟಿದ ಮೇಲೆ ಬಾಡಿಗೆ ಎಷ್ಟು? ಕೊತ್ತಂಬರಿ ಸೊಪ್ಪು ಕೊಳ್ಳಲು ಯಾರು ಮೂರನೇ ಮಹಡಿ ಹತ್ತುತ್ತಾರೆ?

ನಮ್ಮ ಕಾಲದ ಅಗೆತ

2017ರಲ್ಲಿ ಬೆಂಗಳೂರು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಆ ಯೋಜನೆಯಡಿ ಶಿವಾಜಿನಗರದ ಪಕ್ಕದ ಕಮರ್ಷಿಯಲ್ ಸ್ಟ್ರೀಟನ್ನು 2020ರಲ್ಲಿ ಅಗೆದು, ನಡೆಯುವವರಿಗೆ ಅನುಕೂಲವಾಗಲೆಂದು ಹೊಸ ಹಾಸು ಹಾಸಿದರು. ಕೊರೋನಾ ಕಾಲದಲ್ಲಿ ಮೊದಲೇ ನೆಲಕಚ್ಚಿದ್ದ ವ್ಯಾಪಾರ, ಅದರ ಮೇಲೆ ಅಗೆದ ಬೀದಿ. 2021ರಲ್ಲಿ ಬೀದಿ ತೆರೆಯಿತು. ಮಳೆ ಬಿದ್ದಾಗ ಕೆಲವೆಡೆ ಹಾಸು ಕುಸಿದು ಮತ್ತೆ ರಿಪೇರಿಯಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನೆಲದಡಿಯಲ್ಲಿ ಮೆಟ್ರೊ ಸುರಂಗ ಕೊರೆಯುತ್ತಿದ್ದ 'ಊರ್ಜಾ' ಎಂಬ ಯಂತ್ರ ದಂಡು ನಿಲ್ದಾಣದ ಕಡೆಯಿಂದ ಹೊರಟು ಶಿವಾಜಿನಗರದಲ್ಲಿ ಹೊರಬಂತು.

ಆ ಮೆಟ್ರೊ ನಿಲ್ದಾಣಕ್ಕೆ ಸಂತ ಮೇರಿಯ ಹೆಸರಿಡಲು ಕೇಂದ್ರಕ್ಕೆ ಶಿಫಾರಸು ಮಾಡುವುದಾಗಿ 2025ರ ಹಬ್ಬದ ದಿನ ಮುಖ್ಯಮಂತ್ರಿಗಳು ಹೇಳಿದರು. ಕೆಲವರು ಹರ್ಷಪಟ್ಟರು, ಕೆಲವರು ಕೋಪಗೊಂಡರು. ಈ ವಿಷಯ ವಿಚಾರಿಸಿದ ನಮ್ಮ ಧರ್ಮಕೇಂದ್ರದ ಯುವಕರಿಗೆ ನಾವು ಹೇಳಿದ್ದು ಇಷ್ಟೇ: ಆ ಊರು ಬ್ಲಾಕ್‌ಪಲ್ಲಿಯಾಗಿದ್ದಾಗಲೂ ಶಿವಾಜಿನಗರವಾದಾಗಲೂ ಬೆಳಗಿನ ಜಾವ ಎದ್ದು ಹೂವು ಕಟ್ಟಿದವರು ಅದೇ ಜನ. ಫಲಕದ ಮೇಲೆ ಯಾವ ಹೆಸರು ಬರುತ್ತದೆ ಎಂಬುದಕ್ಕಿಂತ, ಮೆಟ್ಟಿಲು ಹತ್ತಿ ಬರುವವರಿಗೆ ಹೂವು ಮಾರಲು ಆ ಜನ ಅಲ್ಲಿ ಇರುತ್ತಾರೋ ಇಲ್ಲವೋ ಎಂಬುದು ಮರಿಯಮ್ಮನವರಿಗೆ ಹೆಚ್ಚಿನ ವಿಷಯ. ಅವರು ಬಡಗಿಯ ಮನೆಯ ಹೆಣ್ಣುಮಗಳು.

ಅಭಿವೃದ್ಧಿ ಬೇಡವೆಂದು ನಾವು ಹೇಳುತ್ತಿಲ್ಲ. ಚರಂಡಿ ಬೇಕು, ಮೆಟ್ರೊ ಬೇಕು, ಗಾಲಿಕುರ್ಚಿಯಲ್ಲಿರುವವರೂ ಹೋಗಬಲ್ಲ ಕಾಲುದಾರಿ ಬೇಕು. ಪ್ಲೇಗಿನ ಓಣಿಗಳನ್ನು ಯಾರೂ ಹಾಡಿ ಹೊಗಳಬೇಕಾಗಿಲ್ಲ. ಆದರೆ ಬೀದಿ ವ್ಯಾಪಾರಿಗಳ ರಕ್ಷಣೆಗೆಂದು ಸಂಸತ್ತು 2014ರಲ್ಲಿ ಕಾನೂನನ್ನೇ ಮಾಡಿದೆ. ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಅಂದರೆ ಮೊದಲು ಹೆಸರು ಬರೆದುಕೊಳ್ಳಬೇಕು, ಆಮೇಲೆ ಗುದ್ದಲಿ ಹಾಕಬೇಕು.

ನಮ್ಮದೇ ಒಂದು ತಪ್ಪು

ಆಡಳಿತದವರ ಕಡೆ ಬೊಟ್ಟು ಮಾಡುವ ಮೊದಲು ನಮ್ಮದೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾವು ಸೇವೆ ಮಾಡುತ್ತಿದ್ದ ಧರ್ಮಕೇಂದ್ರದಲ್ಲಿ ಹೊಸ ಕಾಂಪೌಂಡು ಗೋಡೆ, ದೊಡ್ಡ ಗೇಟು, ವಾಹನ ನಿಲ್ಲಿಸಲು ಜಾಗ ಮಾಡಿಸಿದೆವು. ಹಳೆಯ ಗೋಡೆಯ ಪಕ್ಕದಲ್ಲಿ ಒಬ್ಬ ಅಜ್ಜಿ ಗೋಣಿಚೀಲ ಹಾಸಿಕೊಂಡು ಮೇಣದಬತ್ತಿ, ಹೂವು ಮಾರುತ್ತಿದ್ದರು. ನಮಗಿಂತ ಹಿಂದಿನ ಮೂವರು ಗುರುಗಳ ಕಾಲದಿಂದ ಅಲ್ಲೇ ಇದ್ದವರು. ಪಾಲನಾ ಸಮಿತಿಯಲ್ಲಿ ಕಲ್ಲಿನ ಲೆಕ್ಕ, ಕಬ್ಬಿಣದ ಲೆಕ್ಕ, ಬಣ್ಣದ ಲೆಕ್ಕ ಎಲ್ಲವನ್ನೂ ಓದಿದೆವು. ಅಜ್ಜಿ ಎಲ್ಲಿ ಕೂರಬೇಕೆಂಬುದನ್ನು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಕೆಲಸ ಆರಂಭವಾದ ದಿನ ಅವರೇ ಚೀಲ ಸುತ್ತಿಕೊಂಡು ಎದ್ದುಹೋದರಂತೆ.

ಗೇಟಿನ ಆಶೀರ್ವಾದವಾಗಿ ಎರಡು ತಿಂಗಳಾದ ಮೇಲೆ ಬಸ್ ನಿಲ್ದಾಣದ ಬಳಿ ಅವರು ಕಂಡರು. ಬಿಸಿಲಲ್ಲಿ ಕೂತಿದ್ದರು. ಮೇಣದಬತ್ತಿ ಮೆತ್ತಗಾಗಿ ಬಾಗಿತ್ತು. ನಾವು ಏನು ಹೇಳಬೇಕೆಂದು ತಿಳಿಯದೆ ನಿಂತಾಗ ಅವರೇ, "ಗೇಟು ಚೆನ್ನಾಗಿ ಬಂದದೆ ಸ್ವಾಮಿ" ಅಂದರು. ಅದರಲ್ಲಿ ಕೊಂಕು ಇರಲಿಲ್ಲ. ಕೊಂಕಿದ್ದರೆ ನಮಗೆ ಹಗುರವಾಗುತ್ತಿತ್ತು.

ಮುಂದಿನ ಸಭೆಯಲ್ಲಿ ಗೇಟಿನ ಒಳಗೆ ನೆರಳಿನಲ್ಲಿ ಒಂದು ಕಟ್ಟೆ ಕಟ್ಟಿಸಲು ತೀರ್ಮಾನಿಸಿದೆವು. ಕಟ್ಟೆ ಮುಗಿಯುವ ಹೊತ್ತಿಗೆ ಅಜ್ಜಿ ಮಗಳ ಊರಿಗೆ ಹೋಗಿಬಿಟ್ಟಿದ್ದರು. ಈಗ ಅಲ್ಲಿ ಬೇರೊಬ್ಬರು ಕೂರುತ್ತಾರೆ. ಆ ಕಟ್ಟೆಗೆ ಆದ ಖರ್ಚು ಗೇಟಿನ ಖರ್ಚಿನಲ್ಲಿ ಒಂದು ಸಣ್ಣ ಪಾಲೂ ಅಲ್ಲ. ಮೊದಲೇ ನೆನಪಾಗಬೇಕಿತ್ತು, ಅಷ್ಟೇ.

ಪವಿತ್ರ ಗ್ರಂಥದಲ್ಲಿ ನೆಹೆಮೀಯನೂ ಕೆಡವಿ ಬಿದ್ದ ಊರನ್ನು ಕಟ್ಟಿದವನು. ಜೆರುಸಲೇಮಿನ ಗೋಡೆಯನ್ನು ಒಂದೊಂದು ಮನೆತನದವರು ಒಂದೊಂದು ಭಾಗದಂತೆ ಕಟ್ಟಿದರು. ಹಲವರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನೇ ದುರಸ್ತಿ ಮಾಡಿದರು. ಅವರ ಹೆಸರುಗಳು ಮೂರನೇ ಅಧ್ಯಾಯದ ತುಂಬ ಇವೆ. ಐದನೇ ಅಧ್ಯಾಯದಲ್ಲಿ ಬಡವರ ಕೂಗು ಕೇಳುತ್ತದೆ: ಹೊಲ ಮನೆ ಒತ್ತೆಯಿಟ್ಟಿದ್ದೇವೆ, ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದೇವೆ ಎಂದು. ಗೋಡೆ ಇನ್ನೂ ಅರ್ಧದಲ್ಲಿತ್ತು, ಶತ್ರುಗಳು ಹೊರಗೆ ಕಾದಿದ್ದರು. ಆದರೂ ಮೊದಲು ಗೋಡೆ ಮುಗಿಯಲಿ, ಆಮೇಲೆ ನೋಡೋಣ ಎಂದು ನೆಹೆಮೀಯನು ಹೇಳಲಿಲ್ಲ. ಸಭೆ ಸೇರಿಸಿ, ಸಿರಿವಂತರನ್ನು ನಿಲ್ಲಿಸಿ ಕೇಳಿ, ಒತ್ತೆಯಿಟ್ಟದ್ದನ್ನು ಬಿಡಿಸಿಕೊಟ್ಟನು. ಗೋಡೆಯೂ ಮುಗಿಯಿತು, 52 ದಿನಗಳಲ್ಲಿ.

ಪ್ರಿಯರೇ, ನಮ್ಮ ಊರುಗಳೆಲ್ಲ ಈಗ ಕೆಡವಿ ಕಟ್ಟುವ ಊರುಗಳೇ. ನಿಮ್ಮ ಬೀದಿ ಅಗಲವಾಗುತ್ತಿರಬಹುದು, ನಿಮ್ಮ ಸಂತೆ ಸ್ಥಳಾಂತರವಾಗುತ್ತಿರಬಹುದು, ನಿಮ್ಮ ಧರ್ಮಕೇಂದ್ರದ ಹಳೆಯ ದೇವಾಲಯದ ಜಾಗದಲ್ಲಿ ಹೊಸದು ಏಳುತ್ತಿರಬಹುದು. ನಕ್ಷೆಯನ್ನು ನೋಡಿ ಸಂತೋಷಪಡಿ. ಅದರ ಜೊತೆಗೆ ಒಂದು ಹಾಳೆ ತೆಗೆದುಕೊಂಡು ಈಗ ಅಲ್ಲಿ ಯಾರು ಯಾರು ಕೂತಿದ್ದಾರೆ, ಮಲಗುತ್ತಾರೆ, ದುಡಿಯುತ್ತಾರೆ ಎಂದು ಹೆಸರು ಹಿಡಿದು ಬರೆಯಿರಿ. ಆ ಹಾಳೆಯನ್ನು ಸಭೆಯಲ್ಲಿ ಓದಿಸಿ. ಮನೆಯ ಮಕ್ಕಳಿಗೆ ಈ ಕೆಲಸ ಕೊಟ್ಟರೆ ಇನ್ನೂ ಒಳ್ಳೆಯದು, ಅವರು ದೊಡ್ಡವರಿಗಿಂತ ಚೆನ್ನಾಗಿ ಹೆಸರು ಕೇಳಬಲ್ಲರು.

ಈ ಸಲ ಶಿವಾಜಿನಗರದ ತೇರಿಗೆ ಹೋದವರು ಮಾತೆಗೆ ಅರ್ಪಿಸಲು ಹೂವು ಕೊಳ್ಳುತ್ತೀರಲ್ಲ, ಚೌಕಾಸಿ ಮಾಡದೆ ಕೊಳ್ಳಿ. ಕೊಟ್ಟವರ ಹೆಸರೇನೆಂದು ಕೇಳಿ. ತೇರಿನ ಮುಂದೆ ಕೈಮುಗಿದಾಗ ನಿಮ್ಮ ಮನೆಯವರ ಹೆಸರುಗಳ ಜೊತೆಗೆ ಆ ಹೆಸರನ್ನೂ ಹೇಳಿ. ಮಾತೆ ಮರಿಯಮ್ಮನವರು ನಿಮ್ಮೆಲ್ಲರ ಮನೆಗಳನ್ನು ಕಾಯಲಿ. ಹಬ್ಬದ ಶುಭಾಶಯಗಳು.